ಕಾಣದ ಸ್ನಾಯುವಿಗೆ ಅಳತೆ ಕೊಟ್ಟ ವೈದ್ಯ: ಅರ್ನಾಲ್ಡ್ ಕೆಗೆಲ್

ವೈದ್ಯರೊಬ್ಬರ ಹೆಸರು ಜನರ ದಿನಬಳಕೆಯ ಮಾತಿನಲ್ಲಿ ಬೆರೆತುಹೋಗುವುದು ಅಪರೂಪ. ಅಂತಹ ಅಪರೂಪದ ಹೆಸರುಗಳಲ್ಲಿ ಒಂದು ಕೆಗೆಲ್. ಹೆರಿಗೆಯಾಗಿ ಮನೆಗೆ ಹೊರಟ ಬಾಣಂತಿಗೆ ದಾದಿಯರು ಹೇಳಿಕೊಡುವ ವ್ಯಾಯಾಮಕ್ಕೆ ಆ ಹೆಸರು. ಪ್ರಾಸ್ಟೇಟ್ ಗ್ರಂಥಿಯ ಶಸ್ತ್ರಚಿಕಿತ್ಸೆಯ ನಂತರ ಮೂತ್ರ ಹಿಡಿದಿಟ್ಟುಕೊಳ್ಳಲಾಗದೆ ಸಂಕಟಪಡುವ ಹಿರಿಯರಿಗೆ ವೈದ್ಯರು ಸೂಚಿಸುವ ಅಭ್ಯಾಸಕ್ಕೂ ಅದೇ ಹೆಸರು. ದಾಂಪತ್ಯ ಸುಖವನ್ನು ಕುರಿತು ಪತ್ರಿಕೆಗಳಿಗೆ ಬರುವ ಗುಟ್ಟಿನ ಪ್ರಶ್ನೆಗಳಿಗೆ ತಜ್ಞರು ಕೊಡುವ ಉತ್ತರಗಳಲ್ಲಿಯೂ ಅದು ಮತ್ತೆ ಮತ್ತೆ ಕಾಣಿಸಿಕೊಳ್ಳುತ್ತದೆ. ಆದರೆ ಕೆಗೆಲ್ ಎನ್ನುವುದು ಒಬ್ಬ ಮನುಷ್ಯನ ಹೆಸರೆಂಬುದು ಆ ವ್ಯಾಯಾಮವನ್ನು ಮಾಡುವವರಲ್ಲಿ ಹಲವರಿಗೆ ತಿಳಿದಿಲ್ಲ. ಆ ಮನುಷ್ಯ ನಿಜವಾಗಿ ಏನನ್ನು ಕಲಿಸಿದರು, ಅದರಲ್ಲಿ ಎಷ್ಟು ಭಾಗ ನಮ್ಮವರೆಗೆ ಬಂದು ತಲುಪಿದೆ ಎಂಬುದು ಇನ್ನೂ ಕಡಿಮೆ ಜನರಿಗೆ ಗೊತ್ತು.

ಮಿಸಿಸಿಪ್ಪಿ ತೀರದಿಂದ ಷಿಕಾಗೊಗೆ

ಅರ್ನಾಲ್ಡ್ ಹೆನ್ರಿ ಕೆಗೆಲ್ ಜನಿಸಿದ್ದು 1894ರ ಫೆಬ್ರುವರಿ 21ರಂದು, ಅಮೆರಿಕದ ಅಯೋವಾ ರಾಜ್ಯದ ಲ್ಯಾನ್ಸಿಂಗ್ ಎಂಬಲ್ಲಿ. ಅದು ಮಿಸಿಸಿಪ್ಪಿ ನದಿಯ ದಂಡೆಯ ಮೇಲಿರುವ ಚಿಕ್ಕ ಪಟ್ಟಣ. ಮನುಷ್ಯರ ಲೈಂಗಿಕ ನಡವಳಿಕೆಯ ಬಗ್ಗೆ ಬೃಹತ್ ಸಮೀಕ್ಷೆ ನಡೆಸಿ ಮುಂದೆ ಜಗತ್ತಿನಾದ್ಯಂತ ಚರ್ಚೆಗೆ ಕಾರಣರಾದ ಆಲ್‌ಫ್ರೆಡ್ ಕಿನ್ಸೆ ಜನಿಸಿದ್ದೂ ಅದೇ ವರ್ಷ. ಒಂದೇ ವರ್ಷದಲ್ಲಿ ಹುಟ್ಟಿದ ಈ ಇಬ್ಬರೂ ತಮ್ಮ ತಮ್ಮ ಮುಖ್ಯ ಕೃತಿಗಳನ್ನು ಪ್ರಕಟಿಸಿದ್ದು 1948ರಲ್ಲಿಯೇ. ಕಿನ್ಸೆಯವರ ಗ್ರಂಥ ಪುರುಷರ ಲೈಂಗಿಕ ಜೀವನವನ್ನು ಕುರಿತದ್ದು. ಕೆಗೆಲ್ ಅವರ ಲೇಖನ ಹೆರಿಗೆಯ ನಂತರ ಶಕ್ತಿಗುಂದಿದ ಒಂದು ಸ್ನಾಯುವನ್ನು ಕುರಿತದ್ದು. ಮೊದಲನೆಯದು ಸಾರ್ವಜನಿಕ ಕೋಲಾಹಲಕ್ಕೆ ಕಾರಣವಾಯಿತು. ಎರಡನೆಯದು ವೈದ್ಯರ ವೃತ್ತಿ ನಿಯತಕಾಲಿಕದ ಪುಟಗಳಲ್ಲಿ ಸದ್ದಿಲ್ಲದೆ ಅಚ್ಚಾಯಿತು.

ಸ್ತ್ರೀರೋಗ ತಜ್ಞರೆಂದು ಹೆಸರಾಗುವ ಮುನ್ನ ಕೆಗೆಲ್ ಅವರು ಸಾರ್ವಜನಿಕ ಆರೋಗ್ಯ ಕ್ಷೇತ್ರದಲ್ಲಿ ದುಡಿದವರು. 1920ರ ದಶಕದ ಕೊನೆಯಲ್ಲಿ, ಮೇಯರ್ ವಿಲಿಯಂ ಹೇಲ್ ಥಾಂಪ್ಸನ್ ಅವರ ಆಡಳಿತದಲ್ಲಿ, ಅವರು ಷಿಕಾಗೊ ನಗರದ ಆರೋಗ್ಯ ಆಯುಕ್ತರಾಗಿದ್ದರು. ಆಗ ಆ ನಗರದ ವಸತಿ ಕಟ್ಟಡಗಳಲ್ಲಿ ಮಂಜುಗಡ್ಡೆಯ ಪೆಟ್ಟಿಗೆಗಳ ಬದಲು ಯಂತ್ರಚಾಲಿತ ಶೀತಕಗಳು ಬರತೊಡಗಿದ್ದವು. ಅವುಗಳಲ್ಲಿ ಕೆಲವಕ್ಕೆ ತುಂಬಿಸುತ್ತಿದ್ದ ಮೀಥೈಲ್ ಕ್ಲೋರೈಡ್ ಎಂಬ ಅನಿಲ ಸೋರಿದರೆ ವಾಸನೆಯಿಂದ ಸುಲಭವಾಗಿ ತಿಳಿಯುತ್ತಿರಲಿಲ್ಲ. ಜನ ಕಾರಣ ತಿಳಿಯದೆ ಅಸ್ವಸ್ಥರಾಗುತ್ತಿದ್ದರು, ಕೆಲವರು ಸಾಯುತ್ತಿದ್ದರು. 1929ರಲ್ಲಿ ಕೆಗೆಲ್ ಮತ್ತು ಇಬ್ಬರು ಸಹೋದ್ಯೋಗಿಗಳು ಅಂತಹ 29 ಪ್ರಕರಣಗಳನ್ನು ಅಮೆರಿಕದ ವೈದ್ಯಕೀಯ ಸಂಘದ ನಿಯತಕಾಲಿಕದಲ್ಲಿ ವರದಿ ಮಾಡಿದರು. ಅವುಗಳಲ್ಲಿ 10 ಸಾವಿನಲ್ಲಿ ಕೊನೆಗೊಂಡಿದ್ದವು. ಕಣ್ಣಿಗೆ ಕಾಣದ ಕಾರಣವನ್ನು ಪತ್ತೆ ಹಚ್ಚಿ, ಅಂಕಿ ಸಂಖ್ಯೆಗಳ ಸಮೇತ ಮುಂದಿಡುವ ಈ ಕ್ರಮ ಅವರ ಮುಂದಿನ ಕೆಲಸದಲ್ಲಿಯೂ ಕಾಣುತ್ತದೆ.

1931ರ ಚುನಾವಣೆಯಲ್ಲಿ ಥಾಂಪ್ಸನ್ ಸೋತರು. ಕೆಗೆಲ್ ಅವರ ಬದುಕಿನ ಮುಂದಿನ ಮಹತ್ವದ ಘಟ್ಟ ನಡೆದದ್ದು ದೇಶದ ಪಶ್ಚಿಮ ಕರಾವಳಿಯ ಲಾಸ್ ಏಂಜಲೀಸ್‌ನಲ್ಲಿ. ಅಲ್ಲಿನ ಸದರ್ನ್ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ವೈದ್ಯಕೀಯ ಕಾಲೇಜಿನಲ್ಲಿ ಅವರು ಸ್ತ್ರೀರೋಗ ವಿಭಾಗದ ಸಹಾಯಕ ಪ್ರಾಧ್ಯಾಪಕರಾದರು.

ಹೇಳಿಕೊಳ್ಳಲಾಗದ ತೊಂದರೆ

ಕೆಮ್ಮಿದಾಗ, ಸೀನಿದಾಗ, ನಕ್ಕಾಗ, ಭಾರ ಎತ್ತಿದಾಗ ಅರಿವಿಲ್ಲದೆಯೇ ಮೂತ್ರ ಸೋರುವುದು ಹೆರಿಗೆಯಾದ ಅನೇಕ ಮಹಿಳೆಯರ ಅನುಭವ. ಒತ್ತಡದಿಂದಾಗುವ ಮೂತ್ರ ಸೋರಿಕೆ ಎಂದು ವೈದ್ಯರು ಇದನ್ನು ಗುರುತಿಸುತ್ತಾರೆ. ಇದರಿಂದ ಜೀವಕ್ಕೆ ಅಪಾಯವಿಲ್ಲ. ಆದರೆ ಬಟ್ಟೆ ಒದ್ದೆಯಾದೀತೆಂಬ ಭಯದಲ್ಲಿ ಮದುವೆ ಮುಂಜಿಗಳಿಗೆ ಹೋಗದವರು, ಬಸ್ಸಿನ ಪ್ರಯಾಣವನ್ನೇ ಬಿಟ್ಟವರು, ಪತಿಯ ಸಾಮೀಪ್ಯವನ್ನು ತಪ್ಪಿಸಿಕೊಳ್ಳುವವರು ಎಲ್ಲ ಕಾಲದಲ್ಲಿಯೂ, ಎಲ್ಲ ದೇಶಗಳಲ್ಲಿಯೂ ಇದ್ದಾರೆ. ಹೆತ್ತ ಮೇಲೆ ಇದೆಲ್ಲ ಇದ್ದದ್ದೇ ಎಂಬ ಹಿರಿಯರ ಸಮಾಧಾನ ಆ ಸಂಕಟವನ್ನು ಬಾಯಿಗೆ ಬಾರದಂತೆ ಮಾಡುತ್ತದೆ.

ಇಪ್ಪತ್ತನೆಯ ಶತಮಾನದ ಪೂರ್ವಾರ್ಧದಲ್ಲಿ ವೈದ್ಯರ ಬಳಿ ಇದಕ್ಕಿದ್ದ ಮುಖ್ಯ ಪರಿಹಾರ ಶಸ್ತ್ರಚಿಕಿತ್ಸೆ. ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯ ಹೊವಾರ್ಡ್ ಕೆಲ್ಲಿ ಅವರು ಶತಮಾನದ ಆರಂಭದಲ್ಲಿ ರೂಢಿಗೆ ತಂದ ವಿಧಾನದಲ್ಲಿ ಮೂತ್ರಕೋಶದ ಕುತ್ತಿಗೆಯ ಬಳಿಯ ಅಂಗಾಂಶವನ್ನು ಹೊಲಿಗೆ ಹಾಕಿ ಬಿಗಿಗೊಳಿಸಲಾಗುತ್ತಿತ್ತು. ಕೆಲವರಿಗೆ ಗುಣವಾಗುತ್ತಿತ್ತು. ಇನ್ನು ಕೆಲವರಿಗೆ ಕೆಲವು ಕಾಲದ ಬಳಿಕ ತೊಂದರೆ ಮರುಕಳಿಸುತ್ತಿತ್ತು. ಸಡಿಲವಾದದ್ದನ್ನು ಹೊಲಿದು ಬಿಗಿ ಮಾಡುವುದಕ್ಕಿಂತ ಮೊದಲು, ಅದು ಸಡಿಲವಾಗಲು ಕಾರಣವಾದ ಸ್ನಾಯುವಿನ ಸ್ಥಿತಿಯೇನೆಂದು ನೋಡಬೇಕಲ್ಲವೇ? ಕೆಗೆಲ್ ಅವರ ಸಂಶೋಧನೆ ಹೊರಟಿದ್ದು ಈ ಸರಳ ಪ್ರಶ್ನೆಯಿಂದ.

ತಾನಾಗಿ ದುಡಿಯುವ ತೊಟ್ಟಿಲು

ಈ ಸ್ನಾಯುವನ್ನು ಸ್ವಲ್ಪ ಪರಿಚಯ ಮಾಡಿಕೊಳ್ಳದೆ ಕೆಗೆಲ್ ಅವರ ಸಾಧನೆ ಅರ್ಥವಾಗದು. ಸೊಂಟದ ಮೂಳೆಗಳ ಗೂಡಿಗೆ ಕೆಳಗಡೆ ಮೂಳೆಯ ತಳವಿಲ್ಲ. ಆ ತೆರವನ್ನು ಮುಚ್ಚಿರುವುದು ಮುಂಭಾಗದ ಜಘನದ ಮೂಳೆಯಿಂದ ಹಿಂಭಾಗದ ಬಾಲಮೂಳೆಯವರೆಗೆ ತೊಟ್ಟಿಲಿನಂತೆ ಹಾಸಿಕೊಂಡಿರುವ ಸ್ನಾಯುಗಳ ಹಾಳೆ. ಇದನ್ನೇ ಶ್ರೋಣಿ ತಳದ ಸ್ನಾಯುಗಳು ಎನ್ನುತ್ತಾರೆ. ಮೂತ್ರಕೋಶ, ಗರ್ಭಕೋಶ ಮತ್ತು ಗುದನಾಳ ಈ ತೊಟ್ಟಿಲಿನ ಆಸರೆಯಲ್ಲಿ ನಿಂತಿವೆ. ಮೂತ್ರನಾಳ, ಯೋನಿಮಾರ್ಗ ಮತ್ತು ಗುದನಾಳ ಇದರ ನಡುವಿನಿಂದಲೇ ಹಾದು ಹೊರಬರುತ್ತವೆ. ಈ ಹಾಳೆಯ ಒಳಭಾಗದ ಪ್ಯುಬೊಕಾಕ್ಸಿಜಿಯಸ್ ಎಂಬ ಸ್ನಾಯು ಕೆಗೆಲ್ ಅವರ ಅಧ್ಯಯನದ ಕೇಂದ್ರವಾಗಿತ್ತು.

ಕೈಕಾಲುಗಳ ಸ್ನಾಯುಗಳಿಗೂ ಇದಕ್ಕೂ ಒಂದು ಮುಖ್ಯ ವ್ಯತ್ಯಾಸವಿದೆ. ಕೈ ಎತ್ತಬೇಕೆಂದು ನಾವು ಬಯಸಿದಾಗ ತೋಳಿನ ಸ್ನಾಯು ದುಡಿಯುತ್ತದೆ. ಶ್ರೋಣಿ ತಳವಾದರೋ ಬಹುಪಾಲು ನಮ್ಮ ಅರಿವಿಲ್ಲದೆ, ಪರಾವರ್ತಿತ ಪ್ರತಿಕ್ರಿಯೆಗಳ ಮೂಲಕ ದುಡಿಯುತ್ತದೆ. ನಿದ್ರೆಯಲ್ಲಿಯೂ ಅದರ ಬಿಗಿ ಪೂರ್ತಿ ಸಡಿಲುವುದಿಲ್ಲ. ಆರೋಗ್ಯವಂತರಲ್ಲಿ ಕೆಮ್ಮಿನ ಒತ್ತಡ ಮೂತ್ರಕೋಶವನ್ನು ತಲುಪುವ ಮೊದಲೇ ಅದು ಬಿಗಿಯಾಗಿರುತ್ತದೆ. ಮೂತ್ರ ವಿಸರ್ಜನೆಯ ಹೊತ್ತಿನಲ್ಲಿ ತಾನಾಗಿಯೇ ಸಡಿಲಗೊಳ್ಳುತ್ತದೆ. ಈ ಪ್ರತಿಕ್ರಿಯೆಗಳ ಸೂತ್ರ ಇರುವುದು ಮೆದುಳುಬಳ್ಳಿಯ ಕೆಳತುದಿಯಲ್ಲಿ, ತ್ರಿಕಾಸ್ಥಿಯ ನರಗಳು ಹೊರಡುವ ಭಾಗದಲ್ಲಿ. ಮೂತ್ರನಾಳದ ಮತ್ತು ಗುದದ ಸಂಕೋಚಕ ಸ್ನಾಯುಗಳನ್ನು ಆಳುವ ನರಕೋಶಗಳ ಗುಂಪೊಂದನ್ನು ಅಲ್ಲಿ 1899ರಲ್ಲಿ ಬ್ರೊನಿಸ್ಲಾವ್ ಓನುಫ್ರೊವಿಚ್ ಎಂಬ ನರವಿಜ್ಞಾನಿ ವಿವರಿಸಿದರು. ಓನುಫ್ ಕೇಂದ್ರವೆಂದು ಅದು ಇಂದಿಗೂ ಅವರ ಹೆಸರಿನಲ್ಲಿಯೇ ಇದೆ.

ಲೈಂಗಿಕ ಕ್ರಿಯೆಯಲ್ಲಿ ಇದೇ ಸ್ನಾಯುಗಳ ಪಾತ್ರ ದೊಡ್ಡದು. ಶಿಶ್ನದ ತುದಿಯನ್ನಾಗಲೀ ಸ್ತ್ರೀಯರ ಭಗಾಂಕುರವನ್ನಾಗಲೀ ಒತ್ತಿದಾಗ ಗುದದ ಸುತ್ತಲಿನ ಸ್ನಾಯು ಸುಮಾರು 30ರಿಂದ 40 ಮಿಲಿಸೆಕೆಂಡುಗಳಲ್ಲಿ ತಾನಾಗಿ ಬಿಗಿಯಾಗುತ್ತದೆ. ಮೆದುಳುಬಳ್ಳಿಗೆ ಪೆಟ್ಟಾದವರಲ್ಲಿ ಕೆಳಗಿನ ನರಮಂಡಲ ಕೆಲಸ ಮಾಡುತ್ತಿದೆಯೇ ಎಂದು ತಿಳಿಯಲು ವೈದ್ಯರು ಇದನ್ನು ಪರೀಕ್ಷಿಸುತ್ತಾರೆ. ಪುರುಷರಲ್ಲಿ ಶಿಶ್ನದ ಬುಡವನ್ನು ಸುತ್ತಿದ ಸ್ನಾಯುಗಳು ಬಿಗಿಯಾಗಿ ಒಳಗಿನ ರಕ್ತದ ಒತ್ತಡವನ್ನು ಏರಿಸುವುದರಿಂದಲೇ ನಿಮಿರುವಿಕೆಗೆ ಪೂರ್ಣ ಗಡಸುತನ ಬರುತ್ತದೆ. ಅವುಗಳ ಲಯಬದ್ಧ ಸಂಕೋಚನವೇ ವೀರ್ಯವನ್ನು ಹೊರಕ್ಕೆ ತಳ್ಳುತ್ತದೆ. ಪರಾಕಾಷ್ಠೆಯ ಆರಂಭದಲ್ಲಿ ಸ್ತ್ರೀ ಪುರುಷರಿಬ್ಬರಲ್ಲಿಯೂ ಈ ಸಂಕೋಚನಗಳು ಸುಮಾರು 0.8 ಸೆಕೆಂಡಿಗೊಮ್ಮೆ ನಡೆಯುತ್ತವೆಂದು ವಿಲಿಯಂ ಮಾಸ್ಟರ್ಸ್ ಮತ್ತು ವರ್ಜೀನಿಯಾ ಜಾನ್ಸನ್ 1966ರಲ್ಲಿ ತೋರಿಸಿಕೊಟ್ಟರು. ಬಯಸಿ ಪಡೆಯಲಾಗದ, ಬಯಸಿ ತಡೆಯಲೂ ಆಗದ ಕ್ಷಣದ ಹಿಂದೆ ಇರುವುದು ಈ ಸ್ನಾಯುವಿನ ತಾಳ.

ತಾನಾಗಿ ದುಡಿಯುವ ಸ್ನಾಯುವಿನ ಬಗ್ಗೆ ಮನುಷ್ಯನಿಗೆ ಅರಿವು ಕಡಿಮೆ. ಅದು ದುರ್ಬಲವಾದಾಗಲೂ ದುರ್ಬಲವಾಯಿತೆಂದು ತಿಳಿಯುವುದಿಲ್ಲ. ಬಿಗಿ ಮಾಡಿರೆಂದು ವೈದ್ಯರು ಹೇಳಿದರೆ ಹೇಗೆ ಮಾಡಬೇಕೆಂಬುದೇ ಹೊಳೆಯುವುದಿಲ್ಲ. ಕೆಗೆಲ್ ಅವರು ತಮ್ಮ ರೋಗಿಗಳಲ್ಲಿ ಮತ್ತೆ ಮತ್ತೆ ಕಂಡದ್ದು ಇದನ್ನೇ. ಹೊಟ್ಟೆಯನ್ನು ಬಿಗಿ ಹಿಡಿಯುತ್ತಿದ್ದರು, ಪೃಷ್ಠವನ್ನು ಹಿಂಡುತ್ತಿದ್ದರು, ಉಸಿರು ಕಟ್ಟಿ ಮುಕ್ಕುತ್ತಿದ್ದರು. ಬೇಕಾದ ಸ್ನಾಯು ಮಾತ್ರ ಅಲುಗುತ್ತಿರಲಿಲ್ಲ.

ಮುಳ್ಳಿನ ಚಲನೆಯಲ್ಲಿ ಪಾಠ

ಈ ತೊಡಕನ್ನು ಬಿಡಿಸಲು ಅವರು ರೂಪಿಸಿದ ಉಪಕರಣವೇ ಪೆರಿನಿಯೋಮೀಟರ್. ಅದರ ರಚನೆ ಸರಳ. ಯೋನಿಯೊಳಗೆ ಇರಿಸಬಹುದಾದ, ಗಾಳಿ ತುಂಬಿದ ರಬ್ಬರಿನ ಕೋಶ, ಅದಕ್ಕೆ ಜೋಡಿಸಿದ ಕೊಳವೆ, ಕೊಳವೆಯ ತುದಿಯಲ್ಲಿ ರಕ್ತದೊತ್ತಡ ಅಳೆಯುವ ಸಾಧನದಲ್ಲಿರುವಂತಹ ಮಾಪಕ. ಸರಿಯಾದ ಸ್ನಾಯು ಬಿಗಿಯಾದರೆ ಮಾಪಕದ ಮುಳ್ಳು ಮೇಲೇರುತ್ತದೆ. ಎಷ್ಟು ಬಿಗಿಯಾಯಿತೆಂಬುದು ಪಾದರಸದ ಮಿಲಿಮೀಟರ್‌ಗಳಲ್ಲಿ ಕಾಣುತ್ತದೆ.

ಚಿಕಿತ್ಸೆ ಎರಡು ಹಂತಗಳಲ್ಲಿ ನಡೆಯುತ್ತಿತ್ತು. ಮೊದಲು ವೈದ್ಯರು ಬೆರಳಿನಿಂದ ಪರೀಕ್ಷಿಸಿ ಸ್ನಾಯು ಎಲ್ಲಿದೆ ಎಂಬುದನ್ನು ರೋಗಿಗೆ ಮನಗಾಣಿಸುತ್ತಿದ್ದರು. ಸರಿಯಾದ ಸ್ನಾಯುವೇ ಅಲುಗುತ್ತಿದೆ ಎಂದು ಖಚಿತವಾದ ಬಳಿಕವಷ್ಟೇ ವ್ಯಾಯಾಮ. ದಿನಕ್ಕೆ ಮೂರು ಬಾರಿ, ಪ್ರತಿ ಬಾರಿ 20 ನಿಮಿಷ, ಒಟ್ಟು ಸುಮಾರು 300 ಸಂಕೋಚನಗಳು. ರೋಗಿ ಮನೆಯಲ್ಲಿಯೇ ಉಪಕರಣವನ್ನು ಬಳಸಿ, ಮುಳ್ಳು ಎಲ್ಲಿಯವರೆಗೆ ಏರಿತೆಂಬುದನ್ನು ನೋಡಿಕೊಳ್ಳುತ್ತ ಮುಂದುವರಿಯಬೇಕಿತ್ತು. ವಾರಗಳು ಕಳೆದಂತೆ ಅಂಕಿ ಏರುತ್ತ ಹೋದಾಗ ಆಕೆಗೆ ತನ್ನ ಪ್ರಗತಿ ಕಣ್ಣಿಗೇ ಕಾಣುತ್ತಿತ್ತು.

ಎರಡನೆಯ ಮಹಾಯುದ್ಧದಲ್ಲಿ ಗಾಯಗೊಂಡ ಸೈನಿಕರ ಕಾಲುಗಳಿಗೆ ಶಕ್ತಿ ತುಂಬಲು ಥಾಮಸ್ ಡಿಲೋರ್ಮ್ ಎಂಬ ಸೇನಾ ವೈದ್ಯರು ಭಾರವನ್ನು ಕ್ರಮೇಣ ಹೆಚ್ಚಿಸುತ್ತ ಹೋಗುವ ವ್ಯಾಯಾಮ ಪದ್ಧತಿಯನ್ನು 1945ರಲ್ಲಿ ಪ್ರಕಟಿಸಿದ್ದರು. ಶ್ರೋಣಿ ತಳವೂ ಸ್ನಾಯುವೇ ಆದ್ದರಿಂದ ಅದಕ್ಕೂ ಇದೇ ನಿಯಮ ಅನ್ವಯಿಸಬೇಕು ಎಂಬುದು ಕೆಗೆಲ್ ಅವರ ತರ್ಕ. 1948ರ ಆಗಸ್ಟ್‌ನಲ್ಲಿ ಅಮೆರಿಕದ ಪ್ರಸೂತಿ ಮತ್ತು ಸ್ತ್ರೀರೋಗ ನಿಯತಕಾಲಿಕದಲ್ಲಿ ಬಂದ ಅವರ ಲೇಖನದ ಶೀರ್ಷಿಕೆಯಲ್ಲಿಯೇ ಈ ತತ್ತ್ವದ ಹೆಸರಿತ್ತು. ದೇಹದೊಳಗಿನ ಕ್ರಿಯೆಯನ್ನು ಉಪಕರಣದ ಮೂಲಕ ರೋಗಿಗೇ ತೋರಿಸಿ, ಅದರ ಮೇಲೆ ಹತೋಟಿ ಕಲಿಸುವ ವಿಧಾನಕ್ಕೆ ಬಯೋಫೀಡ್‌ಬ್ಯಾಕ್ ಎಂಬ ಹೆಸರು ಬಂದದ್ದು 1960ರ ದಶಕದ ಕೊನೆಯಲ್ಲಿ. ಸುಮಾರು ಎರಡು ದಶಕ ಮೊದಲೇ ಕೆಗೆಲ್ ಅವರು ಅದನ್ನು ಚಿಕಿತ್ಸೆಯಾಗಿ ಬಳಕೆಗೆ ತಂದಿದ್ದರು.

ರೋಗಿಗಳು ತಂದ ಸುದ್ದಿ

ಕೆಗೆಲ್ ಅವರು ಹೊರಟದ್ದು ಮೂತ್ರ ಸೋರಿಕೆಗೆ ಮದ್ದು ಹುಡುಕಿ. ಲೈಂಗಿಕ ಸುಖದ ವಿಷಯ ಅವರ ಮುಂದೆ ಬಂದದ್ದು ರೋಗಿಗಳ ಮೂಲಕ. ವ್ಯಾಯಾಮ ಮಾಡಿ ಗುಣಮುಖರಾದ ಮಹಿಳೆಯರಲ್ಲಿ ಕೆಲವರು, ಸಮಾಗಮದ ವೇಳೆ ಹಿಂದೆಂದೂ ಇಲ್ಲದ ಸಂವೇದನೆ ಉಂಟಾಗುತ್ತಿದೆಯೆಂದು ತಾವಾಗಿಯೇ ತಿಳಿಸಿದರು. ಆ ಕಾಲದ ವೈದ್ಯರೊಬ್ಬರು ಇದನ್ನು ಕೇಳಿ ಮರೆತುಬಿಡುವುದು ಸುಲಭವಿತ್ತು. ಮಹಿಳೆಯ ಸುಖದ ಕೊರತೆಯನ್ನು ಮನಸ್ಸಿನ ದೋಷವೆಂದು ತಳ್ಳಿಹಾಕುವುದೇ ಆಗ ರೂಢಿ. ಕೆಗೆಲ್ ಅವರು ಹಾಗೆ ಮಾಡಲಿಲ್ಲ. ರೋಗಿಗಳು ಹೇಳಿದ್ದನ್ನು ವೈದ್ಯಕೀಯ ಮಾಹಿತಿಯಂತೆಯೇ ಪರಿಗಣಿಸಿದರು. 1952ರಲ್ಲಿ ಪ್ಯುಬೊಕಾಕ್ಸಿಜಿಯಸ್ ಸ್ನಾಯುವಿನ ಲೈಂಗಿಕ ಕಾರ್ಯಗಳ ಬಗ್ಗೆಯೇ ಪ್ರತ್ಯೇಕ ಲೇಖನವೊಂದನ್ನು ಪ್ರಕಟಿಸಿದರು.

ಅವರ ವಾದದ ಸಾರ ಹೀಗಿತ್ತು. ಯೋನಿಯ ಒಳಪದರದಲ್ಲಿ ಸ್ಪರ್ಶ ಸಂವೇದನೆ ಕಡಿಮೆ. ಆದರೆ ಅದನ್ನು ಸುತ್ತುವರಿದ ಸ್ನಾಯು ಹಿಗ್ಗುವಿಕೆಯನ್ನೂ ಒತ್ತಡವನ್ನೂ ಗುರುತಿಸಬಲ್ಲದು. ಸ್ನಾಯು ತೆಳುವಾಗಿ ಸಡಿಲವಾಗಿದ್ದರೆ ಆ ಸಂವೇದನೆ ಮಂಕಾಗುತ್ತದೆ, ಅದರ ಪರಾವರ್ತಿತ ಸಂಕೋಚನವೂ ಕ್ಷೀಣಿಸುತ್ತದೆ. ಆದ್ದರಿಂದ ಅತೃಪ್ತಿಗೆ ಮನಸ್ಸನ್ನು ದೂರುವ ಮೊದಲು ಸ್ನಾಯುವನ್ನು ಪರೀಕ್ಷಿಸಬೇಕು. ಪತ್ನಿಯಲ್ಲಿ ದೋಷ ಹುಡುಕುತ್ತಿದ್ದ ಸಮಾಜಕ್ಕೆ ಇದು ಹೊಸ ಮಾತು. ಅವರ ವಿಚಾರಗಳನ್ನು ಜನಸಾಮಾನ್ಯರಿಗೆ ತಲುಪಿಸಿದ್ದು 1968ರಲ್ಲಿ ಪತ್ರಕರ್ತ ರೊನಾಲ್ಡ್ ಡಾಯ್ಶ್ ದಾಂಪತ್ಯ ಜೀವನವನ್ನು ಕುರಿತು ಬರೆದ ಪುಸ್ತಕ. ಅಲ್ಲಿಂದ ಮುಂದೆ ಕೆಗೆಲ್ ಎಂಬ ಹೆಸರು ಚಿಕಿತ್ಸಾಲಯದ ಹೊಸಿಲು ದಾಟಿತು.

ಮುಂಚಿನವರು

ಈ ಸ್ನಾಯುವಿನ ಮಹತ್ವವನ್ನು ಮೊದಲು ಕಂಡವರು ಕೆಗೆಲ್ ಎಂದರೆ ತಪ್ಪಾಗುತ್ತದೆ. ಅಮೆರಿಕದ ಸ್ತ್ರೀರೋಗ ತಜ್ಞ ಹಾಗೂ ನುರಿತ ಚಿತ್ರಕಾರ ರಾಬರ್ಟ್ ಲಾಟು ಡಿಕಿನ್ಸನ್ 1889ರಷ್ಟು ಹಿಂದೆಯೇ ಈ ಸ್ನಾಯುವಿನ ಬಗ್ಗೆ ವಿಸ್ತೃತ ಅಧ್ಯಯನ ಪ್ರಕಟಿಸಿದ್ದರು. ಬ್ರಿಟನ್ನಿನ ನೃತ್ಯಗಾತಿ ಹಾಗೂ ಅಂಗಮರ್ದನ ಚಿಕಿತ್ಸಕಿ ಮಾರ್ಗರೆಟ್ ಮಾರಿಸ್ ಅವರು 1936ರ ತಮ್ಮ ಪುಸ್ತಕದಲ್ಲಿ ಬಾಣಂತಿಯರಿಗೆ ಈ ಸ್ನಾಯುಗಳನ್ನು ಬಿಗಿ ಮಾಡಿ ಸಡಿಲಿಸುವ ಅಭ್ಯಾಸವನ್ನು ಹೇಳಿಕೊಟ್ಟಿದ್ದರು.

ನಮ್ಮ ಓದುಗರಿಗೆ ಇಲ್ಲಿ ಮೂಲಬಂಧ ನೆನಪಾಗುವುದು ಸಹಜ. ಹದಿನೈದನೆಯ ಶತಮಾನದ್ದೆಂದು ವಿದ್ವಾಂಸರು ಗುರುತಿಸುವ, ಸ್ವಾತ್ಮಾರಾಮನ ಹಠಯೋಗ ಪ್ರದೀಪಿಕೆಯಲ್ಲಿ ಗುದಭಾಗವನ್ನು ಸಂಕೋಚಿಸಿ ಮೇಲಕ್ಕೆ ಸೆಳೆಯುವ ಈ ಬಂಧದ ವಿವರಣೆಯಿದೆ. ಯೋಗಿಗಳ ಉದ್ದೇಶ ಅಪಾನವಾಯುವನ್ನು ಮೇಲ್ಮುಖವಾಗಿಸುವುದು. ಮೂತ್ರ ಸೋರಿಕೆಯಾಗಲೀ ದಾಂಪತ್ಯ ಸುಖವಾಗಲೀ ಅವರ ಚಿಂತನೆಯ ವಿಷಯವಾಗಿರಲಿಲ್ಲ. ಬಳಸುವ ಸ್ನಾಯುಗಳು ಬಹುಮಟ್ಟಿಗೆ ಒಂದೇ ಆದರೂ ಗುರಿ ಬೇರೆ. ಕೆಗೆಲ್ ಅವರ ಕೊಡುಗೆ ಇರುವುದು ಸಂಕೋಚನದ ಕಲ್ಪನೆಯಲ್ಲಲ್ಲ. ರೋಗಿಯ ದೇಹದಲ್ಲಿ ಸ್ನಾಯುವನ್ನು ಪತ್ತೆ ಹಚ್ಚಿ, ಅದರ ಬಲವನ್ನು ಅಳೆದು, ಕ್ರಮಬದ್ಧವಾಗಿ ಬೆಳೆಸುವ ಚಿಕಿತ್ಸೆಯಾಗಿ ಅದನ್ನು ಮಾರ್ಪಡಿಸಿದ್ದರಲ್ಲಿ.

ಕಾಲದ ತಕ್ಕಡಿಯಲ್ಲಿ

ಕೆಗೆಲ್ ಅವರ ಬದುಕಿನ ಕೊನೆಯ ವರ್ಷಗಳಲ್ಲಿ ಅವರ ಚಿಕಿತ್ಸೆಗೆ ತಕ್ಕ ಮನ್ನಣೆ ದೊರೆಯಲಿಲ್ಲ. 1949ರಲ್ಲಿ ಮಾರ್ಷಲ್, ಮಾರ್ಕೆಟಿ ಮತ್ತು ಕ್ರಾಂಟ್ಸ್ ಎಂಬ ಮೂವರು ವೈದ್ಯರು ಪ್ರಕಟಿಸಿದ ಹೊಸ ಶಸ್ತ್ರಚಿಕಿತ್ಸೆ ಬಹುಬೇಗ ಜನಪ್ರಿಯವಾಯಿತು. ತಿಂಗಳುಗಟ್ಟಲೆ ರೋಗಿಯನ್ನು ಕೂರಿಸಿಕೊಂಡು ಸ್ನಾಯು ಬಿಗಿ ಮಾಡಲು ಕಲಿಸುವುದಕ್ಕಿಂತ ಹೊಲಿಗೆ ಹಾಕುವುದು ವೈದ್ಯರಿಗೆ ಹತ್ತಿರದ ದಾರಿ. 1972ರಲ್ಲಿ ಕೆಗೆಲ್ ಅವರು ನಿಧನರಾದರು.

ಆ ಬಳಿಕದ ದಶಕಗಳಲ್ಲಿ ವಿಜ್ಞಾನ ಅವರ ಮಾತುಗಳನ್ನು ಒಂದೊಂದಾಗಿ ಒರೆಗೆ ಹಚ್ಚಿದೆ. ಮೂತ್ರ ಸೋರಿಕೆಯ ವಿಚಾರದಲ್ಲಿ ಅವರ ನಿಲುವು ಭದ್ರವಾಗಿ ನಿಂತಿತು. ಕಾಕ್ರೇನ್ ಸಂಸ್ಥೆ 2018ರಲ್ಲಿ ಪ್ರಕಟಿಸಿದ ಪರಿಶೀಲನೆಯಲ್ಲಿ 14 ದೇಶಗಳ 1,817 ಮಹಿಳೆಯರ ಮೇಲೆ ನಡೆದ 31 ಪ್ರಯೋಗಗಳ ಫಲಿತಾಂಶಗಳಿವೆ. ಒತ್ತಡದಿಂದಾಗುವ ಸೋರಿಕೆಯಿದ್ದ ಮಹಿಳೆಯರಲ್ಲಿ, ಶ್ರೋಣಿ ತಳದ ವ್ಯಾಯಾಮ ಮಾಡಿದವರ ಪೈಕಿ ಶೇಕಡ 56ರಷ್ಟು ಮಂದಿ ತಾವು ಗುಣವಾದೆವೆಂದು ತಿಳಿಸಿದರೆ, ಮಾಡದವರಲ್ಲಿ ಹಾಗೆ ತಿಳಿಸಿದವರು ಕೇವಲ ಶೇಕಡ 6. ಬ್ರಿಟನ್ನಿನ ಆರೋಗ್ಯ ಮಾರ್ಗಸೂಚಿಗಳು ಇಂದು ಶಸ್ತ್ರಚಿಕಿತ್ಸೆಗಿಂತ ಮೊದಲು ಕನಿಷ್ಠ 3 ತಿಂಗಳು, ತಜ್ಞರ ಮೇಲ್ವಿಚಾರಣೆಯಲ್ಲಿ ಈ ವ್ಯಾಯಾಮ ಮಾಡಿಸಬೇಕೆಂದು ಹೇಳುತ್ತವೆ. ದಿನಕ್ಕೆ 300 ಸಂಕೋಚನಗಳ ಅಗತ್ಯವೂ ಈಗಿಲ್ಲ. ಮೂರು ಬಾರಿ, ಪ್ರತಿ ಬಾರಿ ಕನಿಷ್ಠ 8 ಸಂಕೋಚನಗಳಿಂದ ಆರಂಭಿಸಿದರೆ ಸಾಕು.

ಲೈಂಗಿಕ ಸುಖದ ವಿಚಾರದಲ್ಲಿ ಫಲಿತಾಂಶ ಅಷ್ಟು ನೇರವಾಗಿಲ್ಲ. ವ್ಯಾಯಾಮದಿಂದ ಸಮಾಗಮದಲ್ಲಿ ಪರಾಕಾಷ್ಠೆ ಹೆಚ್ಚುತ್ತದೆಯೇ ಎಂದು 1984ರಲ್ಲಿ ಪ್ರಕಟವಾದ ನಿಯಂತ್ರಿತ ಅಧ್ಯಯನವೊಂದು ಪರೀಕ್ಷಿಸಿತು. ವ್ಯಾಯಾಮ ಮಾಡದ ಗುಂಪಿಗಿಂತ ಗಣನೀಯ ಲಾಭ ಅದರಲ್ಲಿ ಕಂಡುಬರಲಿಲ್ಲ. ಮಹಿಳೆಯ ಸುಖದಲ್ಲಿ ಭಗಾಂಕುರದ ಸ್ಥಾನ ಎಷ್ಟು ದೊಡ್ಡದೆಂದು ಇಂದಿಗೆ ತಿಳಿದಿದೆ. ಪರಸ್ಪರ ವಿಶ್ವಾಸ, ನೋವಿನ ಇರುವಿಕೆ, ಹಾರ್ಮೋನುಗಳ ಸ್ಥಿತಿ ಇವೆಲ್ಲಕ್ಕೂ ಪಾಲಿದೆ. ಎಲ್ಲವನ್ನೂ ಒಂದು ಸ್ನಾಯುವಿನ ಹೆಗಲಿಗೆ ಹೊರಿಸಿದ್ದು ಕೆಗೆಲ್ ಅವರ ಅತಿಶಯ. ಆದರೂ ಸೋರಿಕೆಯ ಭಯ ದೂರವಾದ ಮಹಿಳೆ ಸಾಮೀಪ್ಯಕ್ಕೆ ಹೆದರುವುದಿಲ್ಲ ಎಂಬ ಅವರ ಚಿಕಿತ್ಸಾಲಯದ ಅನುಭವವನ್ನು ಈ ಅಧ್ಯಯನ ಸುಳ್ಳು ಮಾಡಿಲ್ಲ.

ಕೆಗೆಲ್ ಅವರ ಲೇಖನಗಳು ಮಹಿಳೆಯರನ್ನು ಕುರಿತವು. ಆದರೆ ಅವರ ತತ್ತ್ವ ಪುರುಷರಿಗೂ ನೆರವಾಯಿತು. ಬ್ರಿಟನ್ನಿನ ಅಂಗಮರ್ದನ ಚಿಕಿತ್ಸಾ ತಜ್ಞೆ ಗ್ರೇಸ್ ಡೋರಿ ಮತ್ತು ಸಂಗಡಿಗರು ನಿಮಿರುವಿಕೆಯ ತೊಂದರೆಯಿದ್ದ 55 ಪುರುಷರಿಗೆ ಈ ವ್ಯಾಯಾಮ ಕಲಿಸಿದರು. 2005ರಲ್ಲಿ ಪ್ರಕಟವಾದ ಫಲಿತಾಂಶದಂತೆ, 6 ತಿಂಗಳ ಬಳಿಕ ಶೇಕಡ 40ರಷ್ಟು ಮಂದಿ ಸಹಜ ಸ್ಥಿತಿಗೆ ಮರಳಿದರು. ಶೇಕಡ 35.5 ಮಂದಿಯಲ್ಲಿ ಸುಧಾರಣೆ ಕಂಡಿತು. ಉಳಿದವರಿಗೆ ಪ್ರಯೋಜನವಾಗಲಿಲ್ಲ.

ಹೆಸರು ಉಳಿದು ಪಾಠ ಮರೆತಾಗ

ಕೆಗೆಲ್ ಅವರಿಗೆ ಆಗಿರುವ ನಿಜವಾದ ಅನ್ಯಾಯ ಬೇರೆಯೇ ಇದೆ. ಅವರ ಪದ್ಧತಿ ಬಾಯಿಂದ ಬಾಯಿಗೆ, ಕರಪತ್ರದಿಂದ ಕರಪತ್ರಕ್ಕೆ ಹರಡುವಾಗ ಪೆರಿನಿಯೋಮೀಟರ್ ಕಳಚಿಹೋಯಿತು, ಬೆರಳಿನ ಪರೀಕ್ಷೆಯೂ ಕಳಚಿಹೋಯಿತು. ಉಳಿದದ್ದು ಬಿಗಿ ಮಾಡಿ, ಬಿಡಿ ಎಂಬ ಒಂದು ಸಾಲಿನ ಸೂಚನೆ ಮಾತ್ರ. ಇದರ ಪರಿಣಾಮವನ್ನು ಅಮೆರಿಕದ ವೈದ್ಯ ರಿಚರ್ಡ್ ಬಂಪ್ ಮತ್ತು ಸಂಗಡಿಗರು 1991ರಲ್ಲಿ ಅಳೆದು ನೋಡಿದರು. ಬಾಯಿಮಾತಿನ ಸೂಚನೆ ಮಾತ್ರ ಪಡೆದ 47 ಮಹಿಳೆಯರ ಪೈಕಿ ಸರಿಯಾಗಿ ಸಂಕೋಚಿಸಿದವರು ಶೇಕಡ 49. ಶೇಕಡ 25ರಷ್ಟು ಮಂದಿ ಮಾಡುತ್ತಿದ್ದ ರೀತಿ ಸೋರಿಕೆಯನ್ನು ಹೆಚ್ಚಿಸುವಂತಿತ್ತು. ಬಿಗಿ ಮಾಡುವ ಬದಲು ಅವರು ಕೆಳಕ್ಕೆ ಮುಕ್ಕುತ್ತಿದ್ದರು. ನಾಲ್ಕು ದಶಕಗಳ ಹಿಂದೆ ಕೆಗೆಲ್ ಅವರು ತಮ್ಮ ರೋಗಿಗಳಲ್ಲಿ ಕಂಡಿದ್ದೂ ಇದೇ ಅಲ್ಲವೇ? ಅದನ್ನು ತಡೆಯಲೆಂದೇ ಅವರು ಉಪಕರಣ ರೂಪಿಸಿದ್ದರು.

ಮರೆತುಹೋದ ಮತ್ತೊಂದು ಸಂಗತಿ, ಈ ವ್ಯಾಯಾಮ ಎಲ್ಲರಿಗೂ ಅಲ್ಲ ಎಂಬುದು. ಕೆಲವರ ಶ್ರೋಣಿ ತಳ ಸಡಿಲವಾಗಿರುವುದಿಲ್ಲ, ಅತಿಯಾಗಿ ಬಿಗಿದುಕೊಂಡಿರುತ್ತದೆ. ಸಮಾಗಮದಲ್ಲಿ ನೋವು, ಪ್ರವೇಶವೇ ಅಸಾಧ್ಯವಾಗುವಂತೆ ಯೋನಿ ತಾನಾಗಿ ಸಂಕುಚಿತಗೊಳ್ಳುವುದು, ಪುರುಷರಲ್ಲಿ ಕೆಳಹೊಟ್ಟೆಯ ನಿರಂತರ ನೋವು ಇದರ ಲಕ್ಷಣಗಳಾಗಿರಬಹುದು. ಹೊಸದಾಗಿ ಮದುವೆಯಾದ ದಂಪತಿಗಳಲ್ಲಿ ಮನಸ್ತಾಪಕ್ಕೆ, ವಿಚ್ಛೇದನಕ್ಕೂ ಕಾರಣವಾಗುವ ತೊಂದರೆಯಿದು. ಇಂಥವರು ಬಿಗಿ ಮಾಡುವ ಅಭ್ಯಾಸಕ್ಕೆ ತೊಡಗಿದರೆ ನೋವು ಉಲ್ಬಣಿಸಬಹುದು. ಅವರು ಮೊದಲು ಕಲಿಯಬೇಕಾದದ್ದು ಸಡಿಲಿಸುವುದನ್ನು. ಯಾರಿಗೆ ಯಾವುದು ಬೇಕೆಂದು ನಿರ್ಧರಿಸಲು ಪರೀಕ್ಷೆಯೊಂದೇ ದಾರಿ.

ಹಾಗೆಯೇ ಹೆರಿಗೆಯ ಹೊತ್ತಿನಲ್ಲಿ ಈ ಸ್ನಾಯುವಿನ ಕೆಲವು ನಾರುಗಳು ತಮ್ಮ ಸಹಜ ಉದ್ದಕ್ಕಿಂತ ಮೂರು ಪಟ್ಟಿಗೂ ಹೆಚ್ಚು ಹಿಗ್ಗುತ್ತವೆಂದು 2004ರ ಗಣಕ ಮಾದರಿಯೊಂದು ತೋರಿಸಿದೆ. ಮೊದಲ ಬಾರಿ ಸಹಜ ಹೆರಿಗೆಯಾದ ಮಹಿಳೆಯರಲ್ಲಿ ಶೇಕಡ 20ರಷ್ಟು ಮಂದಿಯ ಸ್ನಾಯುವಿನಲ್ಲಿ ಹಾನಿ ಕಂಡುಬಂದದ್ದು ಜಾನ್ ಡಿಲಾನ್ಸಿ ಮತ್ತು ಸಂಗಡಿಗರ 2003ರ ಎಂಆರ್‌ಐ ಅಧ್ಯಯನದಲ್ಲಿ ದಾಖಲಾಗಿದೆ. ಮೂಳೆಯಿಂದಲೇ ಕಿತ್ತುಬಂದ ಸ್ನಾಯುವನ್ನು ವ್ಯಾಯಾಮ ಮತ್ತೆ ಜೋಡಿಸಲಾರದು. ಅಂಥವರು ಎಷ್ಟು ಶ್ರಮಿಸಿದರೂ ಫಲ ಕಾಣದಿದ್ದಾಗ ಅದನ್ನು ಅವರ ಸೋಮಾರಿತನವೆಂದು ದೂರುವುದು ಸಲ್ಲದು.

ಸರಿಯಾಗಿ ಕಲಿತವರಿಗೆ ಮಾತ್ರ ಈ ಅಭ್ಯಾಸದ ಫಲ ಬೇಗನೆ ದೊರೆತೀತು. ಕೆಮ್ಮುವ ಅಥವಾ ಸೀನುವ ಮುನ್ನ ಸ್ನಾಯುವನ್ನು ಉದ್ದೇಶಪೂರ್ವಕವಾಗಿ ಬಿಗಿ ಮಾಡಲು ಕಲಿತ ಹಿರಿಯ ಮಹಿಳೆಯರಲ್ಲಿ ಒಂದೇ ವಾರದಲ್ಲಿ ಸೋರಿಕೆ ಗಣನೀಯವಾಗಿ ಇಳಿದದ್ದನ್ನು ಜಾನಿಸ್ ಮಿಲ್ಲರ್ ಮತ್ತು ಸಂಗಡಿಗರು 1998ರಲ್ಲಿ ವರದಿ ಮಾಡಿದರು. ಒಂದು ವಾರದಲ್ಲಿ ಸ್ನಾಯು ಬಲಗೊಳ್ಳುವುದಿಲ್ಲ. ಅಲ್ಲಿ ನಡೆದದ್ದು, ದೇಹ ತಾನಾಗಿ ಮಾಡಬೇಕಿದ್ದ ಪ್ರತಿಕ್ರಿಯೆಯನ್ನು ಮನಸ್ಸು ಕೈಗೆತ್ತಿಕೊಂಡದ್ದು. ಕೆಗೆಲ್ ಅವರ ಉಪಕರಣ ಕಲಿಸಲು ಹೊರಟದ್ದೂ ಅದನ್ನೇ.

ನಮ್ಮಲ್ಲಿ ಮೂತ್ರ ಸೋರಿಕೆಯನ್ನಾಗಲೀ ಸಮಾಗಮದ ನೋವನ್ನಾಗಲೀ ವೈದ್ಯರ ಮುಂದೆ ಹೇಳಲು ಇಂದಿಗೂ ನಾಚಿಕೆ ಅಡ್ಡ ಬರುತ್ತದೆ. ಹೇಳಿಕೊಳ್ಳದೆ ಮೊಬೈಲ್ ಪರದೆಯಲ್ಲಿ ನೋಡಿ ವ್ಯಾಯಾಮ ಆರಂಭಿಸುವವರೇ ಹೆಚ್ಚು. ಮೂತ್ರ ವಿಸರ್ಜನೆಯನ್ನು ನಡುವೆ ತಡೆದು ಅಭ್ಯಾಸ ಮಾಡುವ ಸಲಹೆಯೂ ಅಲ್ಲಿ ಸಿಗುತ್ತದೆ. ಸ್ನಾಯು ಯಾವುದೆಂದು ಒಮ್ಮೆ ಗುರುತಿಸಿಕೊಳ್ಳಲು ಅದು ನೆರವಾದೀತು. ಆದರೆ ನಿತ್ಯದ ವ್ಯಾಯಾಮವಾಗಿ ಅದು ತರವಲ್ಲ, ಮೂತ್ರಕೋಶ ಪೂರ್ತಿ ಖಾಲಿಯಾಗುವ ಸಹಜ ಕ್ರಮಕ್ಕೆ ಅದು ಅಡ್ಡಿಯಾಗುತ್ತದೆ. ಸ್ತ್ರೀರೋಗ ತಜ್ಞರನ್ನೋ ಮೂತ್ರಾಂಗ ತಜ್ಞರನ್ನೋ ಕಂಡು, ಈ ವಿಷಯದಲ್ಲಿ ತರಬೇತಿ ಪಡೆದ ಫಿಸಿಯೋಥೆರಪಿಸ್ಟ್ ಬಳಿ ಒಮ್ಮೆಯಾದರೂ ಪರೀಕ್ಷೆ ಮಾಡಿಸಿಕೊಂಡು ಕಲಿಯುವುದು ಕೆಗೆಲ್ ಅವರು ತೋರಿದ ದಾರಿಗೆ ಹತ್ತಿರವಾದದ್ದು.

ಅರ್ನಾಲ್ಡ್ ಕೆಗೆಲ್ ದೊಡ್ಡ ಪ್ರಶಸ್ತಿಗಳಿಂದ ನೆನಪಾಗುವ ವೈದ್ಯರಲ್ಲ. ಮಹಿಳೆಯರು ಹೇಳಲು ಹಿಂಜರಿಯುತ್ತಿದ್ದ ತೊಂದರೆಯನ್ನು ಅವರು ಸಾವಧಾನದಿಂದ ಕೇಳಿದರು. ಕತ್ತರಿ ಹಿಡಿಯುವ ಮೊದಲು ಪರೀಕ್ಷಿಸಿ, ಅಳೆದು, ಕಲಿಸಬೇಕೆಂದರು. ಗುಣವಾಗುವ ಶಕ್ತಿಯ ಒಂದು ಪಾಲು ರೋಗಿಯ ಕೈಯಲ್ಲಿಯೇ ಇದೆಯೆಂದು ಮಾಪಕದ ಮುಳ್ಳಿನ ಮೂಲಕ ತೋರಿಸಿಕೊಟ್ಟರು. ಅವರ ಹೆಸರು ಹೇಳಿ ವ್ಯಾಯಾಮ ಕಲಿಸುವವರು ಸ್ನಾಯು ಸರಿಯಾಗಿ ಅಲುಗುತ್ತಿದೆಯೇ ಎಂದು ಒಮ್ಮೆ ಪರೀಕ್ಷಿಸಿ ನೋಡಿದರೆ, ಆ ಹೆಸರಿಗೆ ಸಲ್ಲಬೇಕಾದ ಗೌರವ ಸಂದಂತಾಗುತ್ತದೆ.